ಮೊಬೈಲ್ ಡಿಸ್ಪ್ಲೇ ಒಳಗಿನ ‘ಸಾವಯವ’: ಒಎಲ್ಇಡಿ ಅಂದ್ರೆ ಎಂತ, ಸೋಲಾರಿಗೂ ಅದಕ್ಕೂ ಎಂತ ಸಂಬಂಧ?

ಪಾಣೆಮಂಗಳೂರು: ಮೊಬೈಲ್ ಕೈಜಾರಿ ಬಿದ್ದು ಡಿಸ್ಪ್ಲೇ ಹೋದರೆ ರಿಪೇರಿ ಅಂಗಡಿಯವರು ಮೊದಲು ಕೇಳುವ ಪ್ರಶ್ನೆ, ‘ಇದು ಅಮೋಲೆಡ್ ಅಲ್ವಾ?’ ಹೌದು ಎಂದಾದರೆ ರೇಟು ಒಮ್ಮೆಲೇ ಏರುತ್ತದೆ. ಕೆಲವು ಫೋನುಗಳಲ್ಲಿ ಡಿಸ್ಪ್ಲೇ ಹಾಕಿಸುವ ಖರ್ಚು ಫೋನಿನ ಅರ್ಧ ಬೆಲೆಯ ಹತ್ತಿರ ಬರುವುದೂ ಉಂಟು. ‘ಒಂದು ಗ್ಲಾಸಿಗೆ ಇಷ್ಟಾ?’ ಎಂದು ಗಿರಾಕಿಗೆ ಸಿಟ್ಟು. ‘ನಾನೆಂತ ಮಾಡುವುದು, ಮಾಲೇ ಅಷ್ಟಕ್ಕೆ ಬರ್ತದೆ’ ಎಂದು ಅಂಗಡಿಯವರ ಉತ್ತರ.

ಇಬ್ಬರದ್ದೂ ತಪ್ಪಲ್ಲ. ಅಲ್ಲಿರುವುದು ಬರೀ ಗ್ಲಾಸ್ ಅಲ್ಲ. ಆ ಗಾಜಿನ ಅಡಿಯಲ್ಲಿ ಸಾವಯವ ರಾಸಾಯನಿಕಗಳ ತೀರಾ ತೆಳು ಪದರಗಳಿವೆ. ಬೆಳಕು ಹೊರಡುವುದು ಅವುಗಳಿಂದಲೇ. ಇದೇ ಜಾತಿಯ ರಾಸಾಯನಿಕಗಳನ್ನು ತಿರುಗಾ ಮುರುಗಾ ಬಳಸಿದರೆ ಬಿಸಿಲಿನಿಂದ ಕರೆಂಟೂ ಬರುತ್ತದೆ. ಡಿಸ್ಪ್ಲೇ ಬದಲಿಸುವಾಗ, ಟಿವಿ ಕೊಳ್ಳುವಾಗ, ಮನೆಯ ಮಾಡಿಗೆ ಸೋಲಾರ್ ಹಾಕಿಸುವಾಗ ಮೋಸ ಹೋಗದಿರಲು ಈ ವಿಷಯ ಸ್ವಲ್ಪ ತಿಳಿದಿದ್ದರೆ ಒಳ್ಳೆಯದು.

ಸಾವಯವ ಅಂದ್ರೆ ಸೆಗಣಿ ಗೊಬ್ಬರ ಅಲ್ಲ

ನಮ್ಮಲ್ಲಿ ಸಾವಯವ ಎಂದ ಕೂಡಲೇ ನೆನಪಾಗುವುದು ಜೀವಾಮೃತ, ಹಟ್ಟಿಗೊಬ್ಬರ, ವಿಷ ಹಾಕದ ತರಕಾರಿ. ರಸಾಯನಶಾಸ್ತ್ರದಲ್ಲಿ ಈ ಪದದ ಅರ್ಥ ಬೇರೆ. ಇಂಗಾಲವೇ ಬೆನ್ನೆಲುಬಾಗಿರುವ ಸಂಯುಕ್ತಗಳಿಗೆ ಅಲ್ಲಿ ಸಾವಯವ ಎನ್ನುತ್ತಾರೆ. ಸಕ್ಕರೆ, ತೆಂಗಿನೆಣ್ಣೆ, ಪೆಟ್ರೋಲ್, ಪ್ಲಾಸ್ಟಿಕ್, ಅರಿಶಿನದ ಹಳದಿ ಎಲ್ಲವೂ ಆ ಲೆಕ್ಕದಲ್ಲಿ ಸಾವಯವವೇ.

ತಮಾಷೆ ಎಂದರೆ, ಸಾವಯವ ಕೃಷಿಕರು ದೂರವಿಡುವ ಯೂರಿಯಾ ಕೂಡ ಈ ಪಟ್ಟಿಯಲ್ಲಿದೆ. ಜೀವಿಗಳ ದೇಹದಲ್ಲಿ ಮಾತ್ರ ಇಂಥ ವಸ್ತುಗಳು ಹುಟ್ಟುತ್ತವೆ ಎಂದು ಹಿಂದೆ ನಂಬಿದ್ದರು. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಪ್ರಯೋಗಾಲಯದಲ್ಲೇ ಯೂರಿಯಾ ತಯಾರಿಸಿ ತೋರಿಸಿದ ಮೇಲೆ ಆ ನಂಬಿಕೆ ಸಡಿಲವಾಯಿತು. ಹಾಗಾಗಿ ‘ಆರ್ಗ್ಯಾನಿಕ್ ಡಿಸ್ಪ್ಲೇ’ ಎಂದರೆ ಪರಿಸರಸ್ನೇಹಿ, ಕಣ್ಣಿಗೆ ತಂಪು ಎಂದೆಲ್ಲ ಅರ್ಥವಲ್ಲ. ಇಂಗಾಲದ ಸಂಯುಕ್ತದಿಂದ ಬೆಳಗುವ ಡಿಸ್ಪ್ಲೇ ಎಂದಷ್ಟೇ ಅರ್ಥ.

ಇಂಗಾಲಕ್ಕೆ ಕರೆಂಟು ಹರಿಸುವ ಗುಣ ಬಂದದ್ದು ಹೇಗೆ?

ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ. ಅದಕ್ಕೇ ವಯರಿನ ಮೇಲೆ ಪ್ಲಾಸ್ಟಿಕ್ ಹೊದಿಸುತ್ತಾರೆ. ಆದರೆ ಕೆಲವು ಸಾವಯವ ಅಣುಗಳಲ್ಲಿ ಇಂಗಾಲದ ಸರಪಳಿ ವಿಶೇಷ ರೀತಿಯಲ್ಲಿರುತ್ತದೆ: ಒಂದು ಕಡೆ ಒಂಟಿ ಬಂಧ, ಪಕ್ಕದಲ್ಲಿ ಜೋಡಿ ಬಂಧ, ಮತ್ತೆ ಒಂಟಿ, ಮತ್ತೆ ಜೋಡಿ. ಹೀಗೆ ಇದ್ದಾಗ ಕೆಲವು ಎಲೆಕ್ಟ್ರಾನ್‌ಗಳು ಒಂದೇ ಪರಮಾಣುವಿಗೆ ಅಂಟಿಕೊಳ್ಳದೆ ಸರಪಳಿಯುದ್ದಕ್ಕೂ ಓಡಾಡುತ್ತವೆ. ಬಣ್ಣ ಬರುವುದು, ಹೊಳೆಯುವುದು, ಕರೆಂಟು ಹರಿಯುವುದು ಎಲ್ಲ ಈ ಓಡಾಟದಿಂದ.

ಅರಿಶಿನ ಹಳದಿಯಾಗಿರುವುದಕ್ಕೂ ಕ್ಯಾರೆಟ್ ಕೇಸರಿಯಾಗಿರುವುದಕ್ಕೂ ಇದೇ ಕಾರಣ. ಅಂಗಡಿಯವರು ಬೇಕಾದರೆ ಪರೀಕ್ಷಿಸಬಹುದು. ಸ್ವಲ್ಪ ಅರಿಶಿನ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕದಡಿ ಸೋಸಿ, ಖೋಟಾ ನೋಟು ಪತ್ತೆಗೆ ಇಟ್ಟುಕೊಂಡ ನೇರಳಾತೀತ ದೀಪದ ಅಡಿ ಹಿಡಿಯಿರಿ. ಹಸಿರು ಮಿಶ್ರಿತ ಹಳದಿ ಬೆಳಕು ಹೊಳೆಯುತ್ತದೆ. (ದೀಪವನ್ನು ನೇರ ನೋಡಬೇಡಿ, ಬೆಂಕಿಯ ಹತ್ತಿರ ಸ್ಪಿರಿಟ್ ಇಡಬೇಡಿ.) ನೋಟಿನ ನಂಬರು ಆ ದೀಪದಲ್ಲಿ ಮಿನುಗುವುದೂ ಅಲ್ಲಿ ಬಳಸಿದ ಹೊಳೆಯುವ ಶಾಯಿಯಿಂದ. ಬೆಳಕಿನ ಬದಲು ಕರೆಂಟು ಕೊಟ್ಟು ಅಣುವನ್ನು ಹೀಗೆ ಹೊಳೆಸಿದರೆ ಅದೇ ಒಎಲ್ಇಡಿ.

1977ರಲ್ಲಿ ಹಿದೆಕಿ ಶಿರಕಾವ, ಅಲನ್ ಮೆಕ್‌ಡಿಯರ್ಮಿಡ್ ಮತ್ತು ಅಲನ್ ಹೀಗರ್ ಅವರು ಪಾಲಿಅಸಿಟಲೀನ್ ಎಂಬ ಪ್ಲಾಸ್ಟಿಕ್ಕಿಗೆ ಅಯೋಡಿನ್ ಸೇರಿಸಿದಾಗ ಕರೆಂಟು ಚೆನ್ನಾಗಿ ಹರಿಯುವುದನ್ನು ತೋರಿಸಿದರು. ಈ ಮೂವರಿಗೆ 2000ದಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು.

ಡಿಸ್ಪ್ಲೇ ಒಳಗೆ ಒಂದು ‘ಕೆ.ಟಿ.’

ಕಲ್ಲಡ್ಕದ ಕೆ.ಟಿ. ಕುಡಿಯದವರು ನಮ್ಮಲ್ಲಿ ಕಡಿಮೆ. ಗ್ಲಾಸಿನಲ್ಲಿ ಕೆಳಗೆ ಹಾಲು, ಮೇಲೆ ಡಿಕಾಕ್ಷನ್, ಎರಡೂ ಬೆರೆಯದೆ ಪದರ ಪದರವಾಗಿ ನಿಂತಿರುತ್ತದೆ. ಒಎಲ್ಇಡಿ ಕೂಡ ಹಾಗೆಯೇ. ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪೆನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ 1987ರಲ್ಲಿ ಪ್ರಕಟಿಸಿದ್ದು ಇಂಥದೇ ಎರಡು ಸಾವಯವ ಪದರಗಳ ದೀಪವನ್ನು. 10 ವೋಲ್ಟಿಗಿಂತ ಕಡಿಮೆ ವಿದ್ಯುತ್ತಿನಲ್ಲಿ ಅದು ಹಸಿರಾಗಿ ಬೆಳಗಿತು. ಬೆಳಗಿದ ವಸ್ತು ಅಲ್ಯುಮಿನಿಯಂ ಸುತ್ತ ಮೂರು ಸಾವಯವ ಅಣುಗಳನ್ನು ಕಟ್ಟಿದ ಒಂದು ಸಂಯುಕ್ತ. 1990ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಪ್ಲಾಸ್ಟಿಕ್ ಜಾತಿಯ ಉದ್ದ ಸರಪಳಿಯ ವಸ್ತುವಿನಿಂದಲೂ ಬೆಳಕು ಬರಿಸಿದರು.

ಕೆಲಸ ಆಗುವುದು ಹೀಗೆ: ಒಂದು ಬದಿಯಿಂದ ಎಲೆಕ್ಟ್ರಾನ್‌ಗಳು ಒಳಬರುತ್ತವೆ. ಇನ್ನೊಂದು ಬದಿಯಲ್ಲಿ ಎಲೆಕ್ಟ್ರಾನ್‌ಗಳನ್ನು ಎಳೆದುಕೊಳ್ಳುವುದರಿಂದ ‘ಖಾಲಿ ಜಾಗ’ಗಳು ಉಂಟಾಗಿ ಒಳಕ್ಕೆ ಸರಿಯುತ್ತವೆ. ನಡುವಿನ ಪದರದಲ್ಲಿ ಎರಡೂ ಭೇಟಿಯಾಗುತ್ತವೆ. ಎಲೆಕ್ಟ್ರಾನ್ ಖಾಲಿ ಜಾಗ ತುಂಬುವಾಗ ಉಳಿಯುವ ಶಕ್ತಿ ಬೆಳಕಾಗಿ ಹೊರಬೀಳುತ್ತದೆ. ಅಣುವಿನ ರಚನೆ ಸ್ವಲ್ಪ ಬದಲಿಸಿದರೆ ಬಣ್ಣವೂ ಬದಲಾಗುತ್ತದೆ. ಕೆಂಪು, ಹಸಿರು, ನೀಲಿ ಮೂರನ್ನು ಅಕ್ಕಪಕ್ಕ ಇಟ್ಟರೆ ಉಳಿದೆಲ್ಲ ಬಣ್ಣ ಸಿಗುತ್ತದೆ.

ಎಲ್ಲ ಸಾವಯವ ಪದರ ಸೇರಿದರೂ ದಪ್ಪ ಕೆಲವು ನೂರು ನ್ಯಾನೋಮೀಟರ್ ಮಾತ್ರ. ಕೂದಲಿನ ದಪ್ಪವನ್ನು ಕೆಲವು ನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು.

ರೇಟು ಯಾಕೆ ಜಾಸ್ತಿ?

ಹಳೆಯ ಎಲ್‌ಸಿಡಿಯಲ್ಲಿ ಹಿಂದೆ ಒಂದು ಬಿಳಿ ದೀಪ ಯಾವಾಗಲೂ ಉರಿಯುತ್ತಿರುತ್ತದೆ. ಮುಂದಿನ ದ್ರವಸ್ಫಟಿಕದ ಪದರ ಕಿಟಕಿ ಬಾಗಿಲಿನ ಹಾಗೆ ಆ ಬೆಳಕನ್ನು ಬಿಡುತ್ತದೆ ಅಥವಾ ತಡೆಯುತ್ತದೆ. ಒಎಲ್ಇಡಿಯಲ್ಲಿ ಹಿಂದಿನ ದೀಪವೇ ಇಲ್ಲ. ಒಂದೊಂದು ಚುಕ್ಕೆಯೂ ಒಂದೊಂದು ದೀಪ. ಲಕ್ಷಗಟ್ಟಲೆ ಚುಕ್ಕೆಗಳಿಗೆ ಮೂರು ಬಣ್ಣದ ರಾಸಾಯನಿಕವನ್ನು ಕರಾರುವಾಕ್ಕಾಗಿ ಕೂರಿಸಬೇಕು. ಗಾಳಿ ಪೂರ್ತಿ ತೆಗೆದ ಕೋಣೆಯಲ್ಲಿ ಸಾವಯವ ಪುಡಿಯನ್ನು ಕಾಯಿಸಿ ಆವಿ ಮಾಡಿ, ಸಣ್ಣ ತೂತುಗಳ ಲೋಹದ ಹಾಳೆಯ ಮೂಲಕ ಹಾಯಿಸುತ್ತಾರೆ. ಅಂಗಳದಲ್ಲಿ ತೂತಿನ ಅಚ್ಚಿಟ್ಟು ರಂಗೋಲಿ ಪುಡಿ ಉದುರಿಸಿದ ಹಾಗೆ, ಆದರೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ. ಇಂಥ ಕಾರ್ಖಾನೆಗಳು ಮುಖ್ಯವಾಗಿ ಇರುವುದು ದಕ್ಷಿಣ ಕೊರಿಯಾ ಮತ್ತು ಚೀನಾದಲ್ಲಿ. ರೇಟಿನ ಗುಟ್ಟು ಇದು.

ಮಳೆಗಾಲವೇ ಇದರ ಶತ್ರು

ಸಾವಯವ ಪದರಕ್ಕೆ ಎರಡು ವೈರಿ: ನೀರಿನ ಪಸೆ ಮತ್ತು ಗಾಳಿಯ ಆಮ್ಲಜನಕ. ಪದರದ ಮೇಲಿನ ಲೋಹ ಪಸೆ ತಾಗಿದರೆ ಹಾಳಾಗುತ್ತದೆ, ಅಲ್ಲಿ ಬೆಳಕು ನಿಂತು ಕಪ್ಪು ಮಚ್ಚೆ ಬೀಳುತ್ತದೆ. ಅದಕ್ಕಾಗಿ ಡಿಸ್ಪ್ಲೇಯನ್ನು ಗಾಳಿ ಆಡದ ಹಾಗೆ ಸೀಲ್ ಮಾಡುತ್ತಾರೆ. ಸೀಲ್ ಎಷ್ಟು ಬಿಗಿ ಇರಬೇಕು ಅಂದ್ರೆ, ಒಂದು ಚದರ ಮೀಟರ್ ಜಾಗದಲ್ಲಿ ದಿನಕ್ಕೆ ಒಂದು ಗ್ರಾಮಿನ 10 ಲಕ್ಷದಲ್ಲಿ ಒಂದು ಪಾಲಿಗಿಂತ ಜಾಸ್ತಿ ನೀರಿನ ಆವಿ ಒಳಗೆ ನುಸುಳಬಾರದು. ಆ ಲೆಕ್ಕದಲ್ಲಿ ಒಂದು ಗ್ರಾಂ ನೀರು ಒಳಗೆ ಹೋಗಲು 2,700 ವರ್ಷಕ್ಕೂ ಜಾಸ್ತಿ ಬೇಕು!

ಈಗ ನಮ್ಮ ಊರನ್ನು ನೋಡಿ. ಪಕ್ಕದಲ್ಲೇ ನೇತ್ರಾವತಿ, ಜೂನ್ ಬಂತೆಂದರೆ ಗೋಡೆಯೂ ಬೆವರುತ್ತದೆ, ಬಟ್ಟೆ ವಾರವಾದರೂ ಒಣಗುವುದಿಲ್ಲ. ಡಿಸ್ಪ್ಲೇಯ ಮೂಲೆ ಒಡೆದು ಒಳಗಿನ ಸೀಲ್ ಬಿಟ್ಟಿದ್ದರೆ ಇಂಥ ಹವೆಯಲ್ಲಿ ಅದು ಹೆಚ್ಚು ದಿನ ತಡೆಯುವುದಿಲ್ಲ.

ಹಾಗಾಗಿ ಈ ಗುರುತುಗಳನ್ನು ಗಮನಿಸಿ:

• ಮೇಲಿನ ಗ್ಲಾಸ್ ಮಾತ್ರ ಸೀಳು ಬಿಟ್ಟಿದೆ, ಚಿತ್ರ ಸರಿ ಇದೆ: ಸದ್ಯ ಅಪಾಯ ಕಡಿಮೆ. ಆದರೆ ಮಳೆಗೆ, ಬೆವರಿನ ಕಿಸೆಗೆ ಒಡ್ಡಬೇಡಿ.

• ಕಪ್ಪು ಅಥವಾ ನೇರಳೆ ಮಚ್ಚೆ ಬಂದು ದಿನದಿಂದ ದಿನಕ್ಕೆ ಹರಡುತ್ತಿದೆ: ಸಾವಯವ ಪದರಕ್ಕೇ ಪೆಟ್ಟಾಗಿದೆ. ಇದು ತಾನಾಗಿ ಸರಿಯಾಗುವುದಿಲ್ಲ, ಪೂರ್ತಿ ಡಿಸ್ಪ್ಲೇ ಬದಲಿಸಬೇಕು.

• ಮೇಲಿಂದ ಕೆಳಗೆ ಒಂದೇ ನೇರ ಹಸಿರು ಅಥವಾ ಗುಲಾಬಿ ಗೆರೆ: ಇದು ಹೆಚ್ಚಾಗಿ ರಾಸಾಯನಿಕದ ದೋಷ ಅಲ್ಲ, ಒಳಗಿನ ಸೂಕ್ಷ್ಮ ವಯರಿಂಗ್ ಅಥವಾ ಜೋಡಣೆಯ ದೋಷ. ಕೆಲವು ಕಂಪೆನಿಗಳು ಕೆಲವು ಮಾಡೆಲ್‌ಗಳಿಗೆ ಇದನ್ನು ಉಚಿತವಾಗಿ ಬದಲಿಸಿಕೊಟ್ಟದ್ದುಂಟು. ಬೇರೆ ಕಡೆ ದುಡ್ಡು ಕೊಡುವ ಮೊದಲು ಸರ್ವಿಸ್ ಸೆಂಟರಿನಲ್ಲಿ ಕೇಳಿ.

ಮಚ್ಚೆ ಹರಡಲು ಶುರುವಾದರೆ ಮೊದಲ ಕೆಲಸ ರಿಪೇರಿ ಅಲ್ಲ, ಬ್ಯಾಕಪ್. ಇವತ್ತು ಅಂಗಡಿಯ ವ್ಯವಹಾರ, ಸಾಲದ ಲೆಕ್ಕ, ಗಿರಾಕಿಗಳ ನಂಬರು ಎಲ್ಲ ಫೋನಿನಲ್ಲೇ. ಡಿಸ್ಪ್ಲೇ ಪೂರ್ತಿ ಕಪ್ಪಾದ ಮೇಲೆ ಲಾಕ್ ತೆಗೆಯುವುದಕ್ಕೂ ಆಗುವುದಿಲ್ಲ.

ನೀಲಿ ಬೇಗ ಸೋಲುತ್ತದೆ, ಅಚ್ಚು ಉಳಿಯುತ್ತದೆ

ಒಎಲ್ಇಡಿ ಬಳಸಿದಷ್ಟೂ ಸವೆಯುತ್ತದೆ. ಮೂರು ಬಣ್ಣಗಳಲ್ಲಿ ಮೊದಲು ಸೋಲುವುದು ನೀಲಿ. ನೀಲಿ ಬೆಳಕಿಗೆ ಕೆಂಪಿಗಿಂತ, ಹಸಿರಿಗಿಂತ ಹೆಚ್ಚು ಶಕ್ತಿ ಬೇಕು, ಆ ಶಕ್ತಿ ಅಣುವಿನ ಬಂಧವನ್ನೇ ಮುರಿಯುವಷ್ಟಿರುತ್ತದೆ.

ಇನ್ನೊಂದು ತೊಡಕೂ ಇದೆ. ಎಲೆಕ್ಟ್ರಾನ್ ಮತ್ತು ಖಾಲಿ ಜಾಗ ಭೇಟಿಯಾದಾಗ ಸಾಮಾನ್ಯ ಸಾವಯವ ಅಣುಗಳಲ್ಲಿ 100ರಲ್ಲಿ ಸುಮಾರು 25 ಭೇಟಿ ಮಾತ್ರ ಬೆಳಕಾಗುತ್ತದೆ, ಉಳಿದ 75 ಬಿಸಿಯಾಗಿ ವ್ಯರ್ಥ. 1998ರಲ್ಲಿ ಅಮೆರಿಕದ ಸ್ಟೀಫನ್ ಫಾರೆಸ್ಟ್ ಮತ್ತು ಮಾರ್ಕ್ ಥಾಂಪ್ಸನ್ ತಂಡ ಭಾರ ಲೋಹ ಸೇರಿಸಿದ ಅಣುಗಳಿಂದ ಆ 75ನ್ನೂ ಬೆಳಕಾಗಿಸುವ ದಾರಿ ತೋರಿಸಿತು. ಈಗಿನ ಫೋನುಗಳ ಕೆಂಪು ಮತ್ತು ಹಸಿರಿನಲ್ಲಿ ಇರಿಡಿಯಂ ಎಂಬ ಅಪರೂಪದ ಲೋಹ ಇರುವುದು ಅದಕ್ಕೇ. ಬಾಳಿಕೆ ಬರುವ ಅಂಥ ನೀಲಿ ಮಾಡುವುದು ಕಷ್ಟವಾಗಿ, ಮಾರುಕಟ್ಟೆಯ ಬಹುಪಾಲು ಡಿಸ್ಪ್ಲೇಗಳಲ್ಲಿ ನೀಲಿ ಹಳೆಯ ಕ್ರಮದಲ್ಲೇ ನಡೆಯುತ್ತಿದೆ.

ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಆ ಜಾಗದ ಚುಕ್ಕೆಗಳು ಮಾತ್ರ ಹೆಚ್ಚು ಸವೆದು ಅದರ ನೆರಳು ಖಾಯಂ ಆಗಿ ಉಳಿಯುತ್ತದೆ. ಅಂಗಡಿಯವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಕ್ಯೂಆರ್ ಕೋಡನ್ನು ಫೋನಿನಲ್ಲೇ ಫುಲ್ ಬ್ರೈಟ್‌ನೆಸ್ಸಿನಲ್ಲಿ ದಿನವಿಡೀ ತೆರೆದಿಡುವ ಬದಲು 20 ರೂಪಾಯಿಯ ಪ್ರಿಂಟ್ ಹಾಕಿ ಅಂಟಿಸಿ. ಹೋಟೆಲಿನ ತಿಂಡಿ ಪಟ್ಟಿ, ಚಿನ್ನದ ರೇಟು ತೋರಿಸಲು ಟಿವಿ ಇಡುವುದಾದರೆ ಒಎಲ್ಇಡಿ ಬೇಡ, ಸಾದಾ ಎಲ್ಇಡಿ ಟಿವಿಯೇ ಒಳ್ಳೆಯದು.

ಡಾರ್ಕ್ ಮೋಡಿನಿಂದ ಬ್ಯಾಟರಿ ಉಳಿಯುವುದು ನಿಜವಾ? ಒಎಲ್ಇಡಿಯಲ್ಲಿ ಮಾತ್ರ ನಿಜ, ಅದೂ ಬ್ರೈಟ್‌ನೆಸ್ ಜಾಸ್ತಿ ಇಟ್ಟಾಗ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಅಳೆದಾಗ ಫುಲ್ ಬ್ರೈಟ್‌ನೆಸ್ಸಿನಲ್ಲಿ ಸರಾಸರಿ 39ರಿಂದ 47 ಶೇಕಡಾ ಉಳಿತಾಯ ಕಂಡಿತು. 30ರಿಂದ 50 ಶೇಕಡಾ ಬ್ರೈಟ್‌ನೆಸ್ಸಿನಲ್ಲಿ ಉಳಿದದ್ದು ಬರೀ 3ರಿಂದ 9 ಶೇಕಡಾ.

ಎಲ್ಇಡಿ, ಕ್ಯೂಎಲ್ಇಡಿ, ಒಎಲ್ಇಡಿ: ಹೆಸರಿನ ಗೊಂದಲ

ಅಂಗಡಿಯಲ್ಲಿ ‘ಎಲ್ಇಡಿ ಟಿವಿ’ ಎಂದು ಮಾರುವುದು ನಿಜಕ್ಕೂ ಎಲ್‌ಸಿಡಿ ಟಿವಿ. ಹಿಂದಿನ ದೀಪ ಮಾತ್ರ ಎಲ್ಇಡಿ. ‘ಕ್ಯೂಎಲ್ಇಡಿ’ಯೂ ಅದೇ, ಬಣ್ಣ ಚೆಂದ ಮಾಡಲು ನಡುವೆ ಒಂದು ಹೆಚ್ಚಿನ ಪದರ. ‘ಮಿನಿ ಎಲ್ಇಡಿ’ಯಲ್ಲಿ ಹಿಂದಿನ ದೀಪಗಳು ಸಣ್ಣದು ಮತ್ತು ಸಂಖ್ಯೆ ಜಾಸ್ತಿ. ‘ಒಎಲ್ಇಡಿ’, ‘ಅಮೋಲೆಡ್’ ಎಂದಿದ್ದರೆ ಮಾತ್ರ ಸಾವಯವ ಪದರ ತಾನೇ ಬೆಳಗುವುದು. ರಸ್ತೆಬದಿಯ ಬೋರ್ಡು, ಜಾತ್ರೆಯ ದೀಪಾಲಂಕಾರ, ಮನೆಯ ಬಲ್ಬು ಎಲ್ಲ ಸಾವಯವ ಅಲ್ಲದ ಎಲ್ಇಡಿಗಳು. ಅವು ಗ್ಯಾಲಿಯಂನಂಥ ಲೋಹದ ಸಂಯುಕ್ತಗಳಿಂದ ಆದವು, ಮಳೆ ಬಿಸಿಲಿಗೆ ಗಟ್ಟಿ.

ಮೊಬೈಲಿಗೆ ಡಿಸ್ಪ್ಲೇ ಹಾಕಿಸುವಾಗಲೂ ಒರಿಜಿನಲ್, ಒಎಲ್ಇಡಿ ಕಾಪಿ, ಎಲ್‌ಸಿಡಿ ಜಾತಿಯ ಟಿಎಫ್‌ಟಿ ಅಥವಾ ಇನ್‌ಸೆಲ್ ಎಂದು ಬೇರೆ ಬೇರೆ ಮಾಲು ಇರುತ್ತದೆ. ಕಡಿಮೆ ರೇಟಿನದ್ದು ಹಾಕಿಸುವುದು ತಪ್ಪಲ್ಲ, ಹೇಳಿ ಹಾಕಬೇಕು ಅಷ್ಟೇ. ಪರೀಕ್ಷೆ ಸುಲಭ: ಪೂರ್ತಿ ಕಪ್ಪು ಚಿತ್ರ ಹಾಕಿ ಕತ್ತಲಲ್ಲಿ ನೋಡಿ. ಒಎಲ್ಇಡಿ ಆದರೆ ಆರಿಸಿದ ಹಾಗೆ ಕಪ್ಪು. ಎಲ್‌ಸಿಡಿ ಆದರೆ ಬೂದು ಬಣ್ಣದ ಮಂದ ಬೆಳಕು ಕಾಣುತ್ತದೆ. ಡಿಸ್ಪ್ಲೇ ಮೇಲೆಯೇ ಬೆರಳಿಡುವ ಫಿಂಗರ್‌ಪ್ರಿಂಟ್ ಇರುವ ಫೋನಿಗೆ ಎಲ್‌ಸಿಡಿ ಮಾಲು ಹಾಕಿದರೆ ಸಾಮಾನ್ಯವಾಗಿ ಅದು ಕೆಲಸ ಮಾಡುವುದಿಲ್ಲ. ಇದನ್ನು ಮೊದಲೇ ಗಿರಾಕಿಗೆ ಹೇಳಿದರೆ ಆಮೇಲೆ ಜಗಳ ಇಲ್ಲ.

ಸೋಲಾರಿನಲ್ಲಿ ಸಾವಯವ: ಕೆ.ಟಿ. ಅಲ್ಲ, ಸಜ್ಜಿಗೆ ಬಜಿಲ್

ಕರೆಂಟು ಕೊಟ್ಟರೆ ಬೆಳಕು ಬರುವುದಾದರೆ, ಬೆಳಕು ಕೊಟ್ಟರೆ ಕರೆಂಟು ಬರಬೇಕಲ್ಲ? ಬರುತ್ತದೆ. ಕೊಡಾಕ್‌ನ ಅದೇ ಟ್ಯಾಂಗ್ 1986ರಲ್ಲಿ ಎರಡು ಸಾವಯವ ಪದರಗಳ ಸೋಲಾರ್ ಸೆಲ್ ಪ್ರಕಟಿಸಿದ್ದರು. ಬಿದ್ದ ಬೆಳಕಿನಲ್ಲಿ ಕರೆಂಟಾದದ್ದು ಸುಮಾರು 1 ಶೇಕಡಾ.

ಅಷ್ಟು ಕಡಿಮೆ ಯಾಕೆ? ಬೆಳಕು ಬಿದ್ದಾಗ ಸಾವಯವ ಅಣುವಿನಲ್ಲಿ ಎಲೆಕ್ಟ್ರಾನ್ ಮತ್ತು ಅದು ಬಿಟ್ಟ ಖಾಲಿ ಜಾಗ ಕೈ ಹಿಡಿದುಕೊಂಡೇ ಓಡಾಡುತ್ತವೆ. ಆ ಜೋಡಿ ಸುಮಾರು 10 ನ್ಯಾನೋಮೀಟರ್ ದೂರ ಹೋಗುವಷ್ಟರಲ್ಲಿ ಎಲೆಕ್ಟ್ರಾನನ್ನು ಕಿತ್ತುಕೊಳ್ಳುವ ಬೇರೊಂದು ವಸ್ತು ಸಿಗಬೇಕು. ಸಿಗದಿದ್ದರೆ ಕರೆಂಟಿಲ್ಲ. ಪದರ ಪದರವಾಗಿಟ್ಟರೆ ಆ ವಸ್ತು ಎಲ್ಲರಿಗೂ ಹತ್ತಿರ ಸಿಗುವುದಿಲ್ಲ. ಅದಕ್ಕೆ 1990ರ ದಶಕದಲ್ಲಿ ಹೀಗರ್ ಮತ್ತಿತರರು ಎರಡನ್ನೂ ಒಟ್ಟಿಗೆ ಕಲಸಿದರು. ನಮ್ಮ ಸಜ್ಜಿಗೆ ಬಜಿಲ್ ಇದ್ದ ಹಾಗೆ: ಸಜ್ಜಿಗೆ ಸಜ್ಜಿಗೆಯೇ, ಅವಲಕ್ಕಿ ಅವಲಕ್ಕಿಯೇ, ಆದರೆ ಪ್ರತಿ ತುತ್ತಿನಲ್ಲೂ ಎರಡೂ ಅಕ್ಕಪಕ್ಕ. 2019ರಲ್ಲಿ ಚೀನಾದಲ್ಲಿ ‘ವೈ6’ ಎಂಬ ಅಣು ಬಂದ ಮೇಲೆ ಸಾಮರ್ಥ್ಯ 15 ಶೇಕಡಾ ದಾಟಿತು. ಈಗ ಪ್ರಯೋಗಾಲಯದ ಸಣ್ಣ ಸೆಲ್‌ಗಳು 20 ಶೇಕಡಾದ ಹತ್ತಿರ ಬಂದಿವೆ.

ಮತ್ತೊಂದು ದಾರಿ ಬಣ್ಣದ ಸೋಲಾರ್ ಸೆಲ್. ಬಿಳಿ ಪೈಂಟಿನಲ್ಲಿ ಹಾಕುವ ಟೈಟಾನಿಯಂ ಡೈಆಕ್ಸೈಡ್ ಪುಡಿಗೆ ಬಣ್ಣದ ಅಣು ಹಚ್ಚಿ ಕರೆಂಟು ತೆಗೆಯುವುದು. 1991ರಲ್ಲಿ ಬ್ರಯಾನ್ ಓರಿಗನ್ ಮತ್ತು ಮೈಕಲ್ ಗ್ರೆಟ್ಜಲ್ ಸ್ವಿಜರ್ಲೆಂಡಿನಲ್ಲಿ ಇದನ್ನು ಮಾಡಿ ತೋರಿಸಿದರು. ರೂರ್ಕಿಯ ಐಐಟಿಯವರು ನೇರಳೆ ಹಣ್ಣಿನ ಬಣ್ಣವನ್ನೂ ಹೀಗೆ ಬಳಸಿ ನೋಡಿದ್ದಾರೆ. ಪುನರ್ಪುಳಿಯ ಕೆಂಪೂ ಅದೇ ಆಂಥೋಸಯನಿನ್ ಕುಟುಂಬದ್ದು. ಹಣ್ಣಿನ ಬಣ್ಣದಿಂದ ಬರುವ ಕರೆಂಟು ತೀರಾ ಕಡಿಮೆ, ಆದರೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಳ್ಳೆಯ ವಿಷಯ.

ಹಾಗಾದ್ರೆ ಮಾಡಿಗೆ ಸೋಲಾರ್ ಹಾಕಿಸಲು ಕಾಯಬೇಕಾ?

ಬೇಡ. ಈಗ ಮಾಡಿನ ಮೇಲೆ ಹಾಕುವುದು ಸಿಲಿಕಾನ್ ಪ್ಯಾನೆಲ್. ಅದು ಸಾವಯವ ಅಲ್ಲ. ಮಾರುಕಟ್ಟೆಯ ಒಳ್ಳೆಯ ಪ್ಯಾನೆಲ್‌ಗಳ ಸಾಮರ್ಥ್ಯ 20 ಶೇಕಡಾಕ್ಕಿಂತ ಮೇಲಿದೆ, ಉತ್ಪಾದನೆಗೆ 25 ವರ್ಷದ ವಾರಂಟಿಯೂ ಸಾಮಾನ್ಯ. ಸಾವಯವ ಸೆಲ್‌ಗೆ ಡಿಸ್ಪ್ಲೇಗಿರುವ ರೋಗವೇ ಇದೆ: ಪಸೆ, ಆಮ್ಲಜನಕ, ಜೊತೆಗೆ ದಿನವಿಡೀ ಬಿಸಿಲು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ನಮ್ಮ ಜಿಲ್ಲೆಯ ಮಾಡಿನಲ್ಲಿ 25 ವರ್ಷ ನಿಲ್ಲುವ ಗಟ್ಟಿತನ ಅದಕ್ಕೆ ಇನ್ನೂ ಬಂದಿಲ್ಲ. ಅದು ಹಗುರ, ಬಗ್ಗುತ್ತದೆ, ಕೋಣೆಯ ಮಂದ ಬೆಳಕಿನಲ್ಲೂ ಕೆಲಸ ಮಾಡುತ್ತದೆ. ಹಾಗಾಗಿ ಸಣ್ಣ ಸೆನ್ಸರ್, ಕಿಟಕಿ ಗಾಜು, ಚೀಲದಂಥ ಕಡೆ ಅದಕ್ಕೆ ಭವಿಷ್ಯ ಇದೆ.

‘ಆರ್ಗ್ಯಾನಿಕ್ ಸೋಲಾರ್, ಡಬಲ್ ಕರೆಂಟ್’ ಎಂದು ಯಾರಾದರೂ ಮನೆಬಾಗಿಲಿಗೆ ಬಂದರೆ ಅಡ್ವಾನ್ಸ್ ಕೊಡಬೇಡಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟು 78,000 ರೂಪಾಯಿ ಕೇಂದ್ರದ ಸಹಾಯಧನ ನಿಗದಿಯಾಗಿತ್ತು. ಅಂಗಡಿಯ ಮೀಟರಿಗೆ ಇದು ಅನ್ವಯಿಸುವುದಿಲ್ಲ. ಹಾಕಿಸುವ ಮೊದಲು ಈಗಿನ ನಿಯಮವನ್ನು ಮೆಸ್ಕಾಂ ಕಚೇರಿಯಲ್ಲೇ ಕೇಳಿಕೊಳ್ಳಿ.

ನಮ್ಮ ರಾಜ್ಯದ ಪಾಲು

ಡಿಸ್ಪ್ಲೇ ಕಾರ್ಖಾನೆ ನಮ್ಮಲ್ಲಿಲ್ಲದಿದ್ದರೂ ವಿಜ್ಞಾನದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ದ್ರವಸ್ಫಟಿಕ ಎಂದರೆ ಕಡ್ಡಿಯಾಕಾರದ ಅಣುಗಳದ್ದು ಎಂದೇ ಜಗತ್ತು ನಂಬಿದ್ದ ಕಾಲದಲ್ಲಿ, 1977ರಲ್ಲಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಬಿಲ್ಲೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕ ಆಗುತ್ತದೆ ಎಂದು ತೋರಿಸಿದರು. ಪ್ರಕಟಿಸಿದ್ದು ನಮ್ಮ ದೇಶದ್ದೇ ‘ಪ್ರಮಾಣ’ ಪತ್ರಿಕೆಯಲ್ಲಿ. ಚಂದ್ರಶೇಖರ್ ಅದಕ್ಕೂ ಮೊದಲು ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಪ್ರಾಧ್ಯಾಪಕರಾಗಿದ್ದವರು.

ಆ ಬಿಲ್ಲೆಗಳು ಹಲಸಿನ ಹಪ್ಪಳದ ಕಟ್ಟಿನ ಹಾಗೆ ಒಂದರ ಮೇಲೊಂದು ಕೂತು ಕಂಬ ಕಟ್ಟುತ್ತವೆ. ಎಲ್‌ಸಿಡಿಯನ್ನು ಓರೆಯಿಂದ ನೋಡಿದರೆ ಬಣ್ಣ ಕೆಡುತ್ತಿದ್ದ ತೊಂದರೆ ನೀಗಿಸಲು ಜಪಾನಿನ ಫ್ಯೂಜಿ ಕಂಪೆನಿ ಇಂಥ ಬಿಲ್ಲೆ ಅಣುಗಳ ಫಿಲ್ಮ್ ಮಾಡಿತು. ಆ ಕಂಬಗಳ ಮೂಲಕ ವಿದ್ಯುತ್ತೂ ಸಾಗುವುದರಿಂದ ಸಾವಯವ ಸೋಲಾರ್ ಸೆಲ್‌ಗಳಿಗೂ ಅವನ್ನು ಪರೀಕ್ಷಿಸುತ್ತಿದ್ದಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸಾವಯವ ಅರೆವಾಹಕಗಳ ಸಂಶೋಧನೆ ವರ್ಷಗಳಿಂದ ನಡೆಯುತ್ತಿದೆ. ನಮ್ಮ ಜಿಲ್ಲೆಯದ್ದೇ ಸುರತ್ಕಲ್ ಎನ್‌ಐಟಿಕೆಯ ರಸಾಯನಶಾಸ್ತ್ರ ವಿಭಾಗದಲ್ಲೂ ಬೆಳಕು ಕೊಡುವ ಪಾಲಿಮರ್ ಮತ್ತು ಸೋಲಾರ್ ಸೆಲ್‌ಗೆ ಬೇಕಾದ ಸಾವಯವ ಬಣ್ಣಗಳನ್ನು ತಯಾರಿಸಿ ಪರೀಕ್ಷಿಸಿದ್ದಾರೆ. ಪಿಯುಸಿಯಲ್ಲಿ ‘ಆರ್ಗ್ಯಾನಿಕ್ ಕೆಮಿಸ್ಟ್ರಿ ಉರು ಹೊಡೆಯಲಿಕ್ಕೆ ಮಾತ್ರ’ ಎಂದು ಬೇಸರಪಡುವ ಮಕ್ಕಳಿಗೆ ಇದನ್ನು ಹೇಳಬಹುದು.

ಇಷ್ಟು ನೆನಪಿಟ್ಟುಕೊಳ್ಳಿ

• ಡಿಸ್ಪ್ಲೇಯಲ್ಲಿ ಮಚ್ಚೆ ಹರಡುತ್ತಿದ್ದರೆ ಅದೇ ದಿನ ಬ್ಯಾಕಪ್ ಮಾಡಿ.

• ಡಿಸ್ಪ್ಲೇ ಬದಲಿಸುವಾಗ ಯಾವ ಜಾತಿಯ ಮಾಲು ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅಂಗಡಿಯವರೂ ಕೇಳುವ ಮೊದಲೇ ಬರೆದುಕೊಡಿ.

• ದಿನವಿಡೀ ಒಂದೇ ಚಿತ್ರ ತೋರಿಸುವ ಕಡೆ ಒಎಲ್ಇಡಿ ಬೇಡ.

• ಮನೆಗೆ ಸೋಲಾರ್ ಎಂದರೆ ಸದ್ಯಕ್ಕೆ ಸಿಲಿಕಾನ್.

• ಹಾಳಾದ ಡಿಸ್ಪ್ಲೇ ಸುಡಬೇಡಿ, ಹೊಳೆಗೆ ಎಸೆಯಬೇಡಿ. ಅದರಲ್ಲಿ ಲೋಹಗಳೂ ಪ್ಲಾಸ್ಟಿಕ್ಕೂ ಇವೆ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.